ಜೋಡಿ ಡಿಸ್ಕಿನ ಕಂಪ್ಯೂಟರ್: ಎರಡನೆಯದೂ ಬೂಟ್ ಆಗುತ್ತದೆಯೇ?



ಶಾಲಾ ಕಚೇರಿಯ ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ನಮ್ಮ ಮಕ್ಕಳ ಶುಲ್ಕದ ಲೆಕ್ಕ, ವಿದ್ಯಾರ್ಥಿವೇತನದ ಪಟ್ಟಿ, ಹಳೆಯ ವರ್ಗಾವಣೆ ಪತ್ರಗಳ ಪ್ರತಿ ಎಲ್ಲವೂ ಅದರೊಳಗಿದೆ.

2000ನೇ ಇಸವಿಯ ಆಚೀಚೆ ಕರ್ನಾಟಕ ಸರಕಾರ ‘ಭೂಮಿ’ ಯೋಜನೆಯಡಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಬಳಿಕ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಪುತ್ತೂರು, ಸುಳ್ಯದ ಕೃಷಿಕರಿಗೆ ಇದು ಗೊತ್ತಿದ್ದದ್ದೇ. ಪುಸ್ತಕ ಹೋದ ಮೇಲೆ ಡಿಸ್ಕೇ ಪುಸ್ತಕ. ಶಾಲೆಯ ಕಥೆಯೂ ಬೇರೆಯಲ್ಲ.

ಡಿಸ್ಕಿಗೂ ಆಯುಸ್ಸಿದೆ. ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಹಲವು ಡಿಸ್ಕುಗಳನ್ನು ಜೋಡಿಸುವ ಕ್ರಮಕ್ಕೆ ‘ರೇಡ್’ ಎನ್ನುತ್ತಾರೆ. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಇದರ ಬಗ್ಗೆ ಪ್ರಬಂಧ ಬರೆದರು. ಅದರಲ್ಲಿ ಒಂದನೇ ಬಗೆ ಕನ್ನಡಿಯಂತೆ: ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ.

ಇಷ್ಟು ಮಾಡಿ ಹಲವರು ನಿಶ್ಚಿಂತರಾಗುತ್ತಾರೆ. ತೋಟದ ಕೆರೆಗೆ ಎರಡು ಪಂಪು ಇಟ್ಟು, ಕರೆಂಟಿನ ವಯರನ್ನು ಒಂದಕ್ಕೆ ಮಾತ್ರ ಎಳೆದರೆ ಹೇಗೆ? ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಮೂಲಕ ಜೋಡಿಸಿದಾಗ ಆಗುವುದು ಇದೇ. ಕಡತಗಳು ಎರಡೂ ಕಡೆ ಇರುತ್ತವೆ. ಆದರೆ ಹಳೆಯ ಬಯೋಸ್ ಯಂತ್ರಗಳು ಮೊದಲು ಓದುವ 512 ಬೈಟಿನ ಆರಂಭದ ತುಣುಕು ಕನ್ನಡಿಯ ಹೊರಗಿದೆ. ಆದ್ದರಿಂದ ‘ಗ್ರಬ್’ ಎಂಬ ಬೂಟ್ ತಂತ್ರಾಂಶವನ್ನು ಎರಡೂ ಡಿಸ್ಕುಗಳಿಗೆ ಪ್ರತ್ಯೇಕವಾಗಿ ಹಾಕಬೇಕು. ಈಗಿನ ಯುಇಎಫ್‌ಐ ಯಂತ್ರಗಳಲ್ಲಿ ಬೂಟ್‌ಗೆಂದೇ ಇರುವ ಸಣ್ಣ ವಿಭಾಗವೂ ಸಾಮಾನ್ಯವಾಗಿ ಕನ್ನಡಿಯೊಳಗೆ ಬರುವುದಿಲ್ಲ. ಅದರ ಪ್ರತಿ ಎರಡನೆಯದರಲ್ಲಿ ಇದೆಯೇ, ಬೂಟ್ ಪಟ್ಟಿಯಲ್ಲಿ ಅದರ ಹೆಸರು ಇದೆಯೇ ಎಂದು ಜೋಡಿಸಿಕೊಡುವವರನ್ನು ಕೇಳಿ. ಹಣ ಕೊಡುವ ಮೊದಲೇ ಕೇಳಿ!

ಬಾಯಿಮಾತಿನ ಉತ್ತರ ಸಾಲದು. ಬೇರೆ ಕಡೆ ಪೂರ್ತಿ ಪ್ರತಿ ತೆಗೆದಿಟ್ಟು, ಯಂತ್ರ ಆರಿಸಿ, ಮೊದಲ ಡಿಸ್ಕಿನ ಕೇಬಲ್ ಕಳಚಿ, ಮತ್ತೆ ಚಾಲೂ ಮಾಡಿಸಿ. ಕಂಪ್ಯೂಟರ್ ತೆರೆದುಕೊಂಡರೆ ಸರಿ. ಕಳಚಿದ್ದನ್ನು ಪುನಃ ಸೇರಿಸಿದರೂ ಎರಡೂ ಸಮನಾಗಲು ಹೊತ್ತು ಬೇಕು. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 1 ಟೆರಾಬೈಟಿಗೆ ಸುಮಾರು ಎರಡು ಗಂಟೆ. ಅದು ಮುಗಿಯುವ ತನಕ ಎರಡನೆಯದನ್ನು ಮುಟ್ಟಬಾರದು. ಮುಗಿದ ಮೇಲೆ ಅದನ್ನೂ ಕಳಚಿ ನೋಡುವುದು ಒಳ್ಳೆಯದು.

ಇನ್ನೊಂದು ತೊಂದರೆ ಸದ್ದಿಲ್ಲದ್ದು. ಒಂದು ಡಿಸ್ಕ್ ಸತ್ತರೂ ಕೆಲಸ ನಡೆಯುತ್ತಿರುವುದರಿಂದ ಗುಮಾಸ್ತರಿಗೆ ತಿಳಿಯುವುದೇ ಇಲ್ಲ. ಲಿನಕ್ಸ್ ತೋರಿಸುವ ಸ್ಥಿತಿಯ ಸಾಲಿನಲ್ಲಿ ಎರಡು ‘ಯು’ ಅಕ್ಷರ ಇರಬೇಕು. ಒಂದರ ಜಾಗದಲ್ಲಿ ಅಡ್ಡಗೆರೆ ಕಂಡರೆ ಹೊಸ ಡಿಸ್ಕ್ ತರಿಸಿ. ವಾರಕ್ಕೊಮ್ಮೆ ನೋಡುವವರು ಯಾರೆಂದು ಹೆಸರು ನಿಗದಿಯಾಗಲಿ.

ತಪ್ಪಿ ಅಳಿಸಿದ ಕಡತ ಎರಡು ಡಿಸ್ಕಿನಲ್ಲೂ ಒಟ್ಟಿಗೇ ಅಳಿಯುತ್ತದೆ. ಪತ್ತನಾಜೆಯ ಹೊತ್ತಿನ ನಮ್ಮ ಊರಿನ ಸಿಡಿಲು ಒಂದೇ ಪೆಟ್ಟಿಗೆ ಎರಡನ್ನೂ ಸುಡಬಲ್ಲುದು. ಹಾಗಾಗಿ ಮೂರನೆಯ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದು, ವಯರು ಕಳಚಿ, ಬೇರೆ ಕಟ್ಟಡದ ಕಪಾಟಿನಲ್ಲಿಡಿ. ಅದರ ಬೀಗದ ಕೈ ಯಾರ ಬಳಿ ಇರಬೇಕೆಂದು ಇವತ್ತಿನ ಸಭೆಯಲ್ಲೇ ತೀರ್ಮಾನಿಸಿ.