ಶ್ರೀ ವೈಜನಾಥ ಬಿರಾದಾರರ ಅಭಿನಯ

ಚಲಚ್ಚಿತ್ರಗಳ ವಿಚಾರವಾಗಿ ಮಾತನಾಡುವವರು ಸಾಮಾನ್ಯವಾಗಿ ನಾಯಕನಿಂದ ಆರಂಭಿಸಿ ನಾಯಕಿಯಲ್ಲಿ ಮುಗಿಸುವುದು ವಾಡಿಕೆ. ನಾವು ಇಂದು ಶ್ರೋತೃಗಳ ಮುಂದಿಡಬೇಕೆಂದಿರುವ ವಿಷಯವು ಇವರಿಬ್ಬರಿಗೂ ಸಂಬಂಧಪಟ್ಟುದಲ್ಲ. ನಾಯಕನು ಬೀದಿಯಲ್ಲಿ ನಡೆದು ಬರುವಾಗ ಆ ಬೀದಿಯ ಮೂಲೆಯಲ್ಲಿ ಕುಳಿತು ಕೈಯೊಡ್ಡುವ ಭಿಕ್ಷುಕನೊಬ್ಬನಿರುತ್ತಾನಷ್ಟೆ. ನಾಯಕನು ಎರಡು ಕಾಸು ಹಾಕಿ ಮುಂದೆ ಹೋಗುತ್ತಾನೆ, ಚಿತ್ರವೂ ಅವನ ಹಿಂದೆಯೇ ಹೋಗುತ್ತದೆ. ನಾವು ಹೇಳಹೊರಟಿರುವುದು ಹಿಂದೆ ಉಳಿದ ಆ ಭಿಕ್ಷುಕನ ವಿಚಾರ. ಕನ್ನಡದಲ್ಲಿ ಆ ಪಾತ್ರವನ್ನು ಬಹುಸಲ ಧರಿಸಿದವರು ಬೀದರ ಜಿಲ್ಲೆ ಭಾಲ್ಕಿ ತಾಲ್ಲೂಕು ತೇಗಂಪುರದ ಶ್ರೀ ವೈಜನಾಥ ಬಿರಾದಾರರು.

ಇಂಥವರನ್ನು ಇಂಗ್ಲಿಷರು ‘ಕ್ಯಾರಕ್ಟರ್ ಆಕ್ಟರ್’ ಎನ್ನುವರು. ನಮ್ಮಲ್ಲಿ ಪೋಷಕ ನಟರೆಂಬ ಹೆಸರುಂಟು. ಪೋಷಿಸುವುದು ಯಾರನ್ನು ಎಂದು ಕೇಳಿದರೆ, ಕಥೆಯನ್ನು ಎಂದು ಉತ್ತರ ಕೊಡಬೇಕು. ಆದರೆ ಪೋಷಿಸುವವರ ಹೆಸರನ್ನು ಪ್ರೇಕ್ಷಕರು ನೆನಪಿಡುವುದು ಅಪೂರ್ವ. ಮುಖವನ್ನು ಬಲ್ಲರು, ಹೆಸರನ್ನರಿಯರು. “ಆ ಕುಡುಕನ ಪಾರ್ಟು ಮಾಡುತ್ತಾನಲ್ಲ, ಅವನು” ಎನ್ನುವರು. ನಾವೂ ಬಹುಕಾಲ ಹಾಗೆಯೇ ಹೇಳುತ್ತಿದ್ದೆವೆಂದು ಒಪ್ಪಿಕೊಳ್ಳುತ್ತೇವೆ.

ನಮ್ಮ ಕಣ್ಣು ತೆರೆಯಿಸಿದ್ದು ಒಂದು ಬಸ್ಸಿನ ಪ್ರಯಾಣ. ಕೆಲವು ವರ್ಷಗಳ ಹಿಂದೆ ನಾವು ಬೀದರಿನಿಂದ ಔರಾದಿಗೆ ಹೋಗುತ್ತಿದ್ದೆವು. ನಮ್ಮ ಮುಂದಿನ ಆಸನದಲ್ಲಿ ಇಬ್ಬರು ತರುಣರು ಮೊಬೈಲ್ ಫೋನಿನಲ್ಲಿ ಯಾವುದೋ ಚಿತ್ರದ ತುಣುಕನ್ನು ನೋಡುತ್ತ ಬಿದ್ದು ಬಿದ್ದು ನಗುತ್ತಿದ್ದರು. ಬಿರಾದಾರರು ಹರಕು ಅಂಗಿಯಲ್ಲಿ ಯಾರೊಡನೆಯೋ ಜಗಳವಾಡುವ ದೃಶ್ಯ ಅದು. ಪಕ್ಕದಲ್ಲಿ ಧೋತರವುಟ್ಟು ರುಮಾಲು ಸುತ್ತಿದ ಮುದುಕರೊಬ್ಬರಿದ್ದರು. ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, “ತಮ್ಮಾ, ಇಷ್ಟ್ಯಾಕ ನಗ್ತೀರಿ? ಅಂವ ನಮ್ಮ ಭಾಲ್ಕಿ ಕಡಿಯವ ಅದಾನ” ಎಂದರು. ತರುಣರಲ್ಲೊಬ್ಬನು, “ನಗ್ಸೋದೇ ಅವ್ರ ಕೆಲ್ಸ ಅಲ್ರೀ, ಮುತ್ಯಾ?” ಎಂದನು. “ಅದು ಖರೆ. ಅವನ ಕೆಲಸಾ ನೋಡಿ ನಗ್ರಿ. ನಮ್ಮ ಮಾತ ಕೇಳಿ ನಗಬ್ಯಾಡ್ರಿ” ಎಂದು ಮುದುಕರು ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ನಟನ ಕೆಲಸಕ್ಕೂ ಅವನ ಮಾತಿಗೂ ನಡುವೆ ಆ ಹಿರಿಯರು ಎಳೆದ ಗೆರೆಯನ್ನು ಅನೇಕ ವಿಮರ್ಶಕರು ಎಳೆದಿಲ್ಲ. ಅದು ಏಕೆ ಅವರಿಗೆ ಅಷ್ಟು ಮುಖ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಆ ಸೀಮೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಬೀದರವು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಉರ್ದುವಿನದೇ ಆಡಳಿತ. ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಿದ್ದವು. ಆದರೆ ಕನ್ನಡವನ್ನು ಓದಿಸಿ ಬರೆಯಿಸುವವರು ವಿರಳ. ಅಂಥ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಆ ಭಾಗದಲ್ಲಿ ಅರಿಯದವರಿಲ್ಲ. ಅವರ ಹುಟ್ಟೂರು ಔರಾದ ಸೀಮೆಯ ಕಮಲನಗರ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ನಿಲಂಗಾ ಮೊದಲಾದುವು ಮರಾಠಿಯ ಕಡೆಗೆ ಹೋದುವು, ಜಹೀರಾಬಾದು ಆಂಧ್ರಕ್ಕೆ ಹೋಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರು ರಾಜ್ಯಕ್ಕೆ ಬಂದುವು. ಹೀಗೆ ಕದ್ದು ಕಲಿತು, ಹರಿದು ಹಂಚಿಹೋಗಿ ಉಳಿದುಕೊಂಡ ಕನ್ನಡವದು. ಅದರಲ್ಲಿ ‘ಖರೆ’ಯೂ ‘ಜಲ್ದಿ’ಯೂ ‘ಶಾಣ್ಯಾ’ನೂ ನೆರೆಮನೆಯವರಂತೆ ಸೇರಿಕೊಂಡಿರುವುದು ಸಹಜವೇ ಸರಿ.

ಇತ್ತ ಕನ್ನಡದ ವಾಕ್ಚಿತ್ರವು 1934ರಲ್ಲಿ ‘ಸತೀ ಸುಲೋಚನಾ’ದಿಂದ ಆರಂಭವಾಗಿ, ಮೈಸೂರು ಬೆಂಗಳೂರುಗಳ ಸುತ್ತ ಬೆಳೆಯಿತು. ನಾಯಕನು ಆ ಕಡೆಯ ಕನ್ನಡವನ್ನಾಡಿದನು. ಉತ್ತರದ ಮಾತು ಬೇಕಾದದ್ದು ಬಹುಮಟ್ಟಿಗೆ ಆಳಿನ ಬಾಯಿಗೆ, ಹಳ್ಳಿಗಮಾರನ ಬಾಯಿಗೆ, ಕುಡುಕನ ಬಾಯಿಗೆ. ಮಾತು ಕೇಳಿದೊಡನೆಯೇ ನಗಬೇಕೆಂಬ ಸಂಪ್ರದಾಯವು ಪ್ರೇಕ್ಷಕರಲ್ಲಿ ಬೇರೂರಿತು. ಇದು ಯಾರೊಬ್ಬರ ದುರುದ್ದೇಶದಿಂದ ಆದುದೆಂದು ನಾವು ಹೇಳುವುದಿಲ್ಲ, ಅಭ್ಯಾಸದಿಂದ ಆದುದು. ಅಭ್ಯಾಸವನ್ನು ಬಿಡಿಸುವುದು ದುರುದ್ದೇಶವನ್ನು ಬಿಡಿಸುವುದಕ್ಕಿಂತ ಕಷ್ಟ.

ಬಿರಾದಾರರು ಚಿತ್ರರಂಗಕ್ಕೆ ಬಂದುದು ಈ ದಾರಿಯಿಂದಲ್ಲವೆಂಬುದು ಗಮನಿಸತಕ್ಕ ಸಂಗತಿ. ಶ್ರೀ ಎಂ. ಎಸ್. ಸತ್ಯು ಅವರು ಶ್ರೀ ಯು. ಆರ್. ಅನಂತಮೂರ್ತಿಯವರ ಕಥೆಯನ್ನಾಧರಿಸಿ ‘ಬರ’ ಎಂಬ ಚಿತ್ರವನ್ನು ಮಾಡಿದರು. ಅದು 1982ರಲ್ಲಿ ತೆರೆಕಂಡಿತು. ಬರಗಾಲದ ಜಿಲ್ಲೆಯೊಂದು, ಅದನ್ನು ಬರಪೀಡಿತವೆಂದು ಸಾರಿಸಬೇಕೆಂದು ಹೆಣಗುವ ಜಿಲ್ಲಾಧಿಕಾರಿ, ಅದಕ್ಕೆ ಅಡ್ಡಬರುವ ರಾಜಕೀಯ ಇವು ಅದರ ವಸ್ತು. ಶ್ರೀ ಅನಂತನಾಗ್ ಅವರು ಅಧಿಕಾರಿಯ ಪಾತ್ರವನ್ನು ವಹಿಸಿದರು. ಚಿತ್ರೀಕರಣವು ಬೀದರ ಜಿಲ್ಲೆಯಲ್ಲಿಯೇ ನಡೆಯಿತು. ಕ್ಯಾಮರಾ ತಾನಾಗಿ ಬೀದರಿನ ನೆಲಕ್ಕೆ ಬಂದಾಗ ಆ ನೆಲದ ಮನುಷ್ಯನೊಬ್ಬನು ಅದರೆದುರು ನಿಂತನು. ಅಲ್ಲಿ ಹಸಿವು ಹಾಸ್ಯದ ವಸ್ತುವಾಗಿರಲಿಲ್ಲ.

ಆಮೇಲೆ ಅವರು ದಕ್ಷಿಣಕ್ಕೆ ನಡೆದರು, ಹಸಿವು ಹಾಸ್ಯವಾಯಿತು. ಸಣ್ಣ ಮೈಕಟ್ಟು, ಒಳಸೇರಿದ ಕೆನ್ನೆ, ತಟ್ಟನೆ ಮೇಲೇರುವ ಧ್ವನಿ ಇವನ್ನು ನೋಡಿದ ನಿರ್ದೇಶಕರಿಗೆ ತೋಚಿದ್ದು ಎರಡೇ ವೇಷ: ಭಿಕ್ಷುಕ ಮತ್ತು ಕುಡುಕ. ಹತ್ತಾರು ಚಿತ್ರಗಳಲ್ಲಲ್ಲ, ನೂರಾರು ಚಿತ್ರಗಳಲ್ಲಿ ಅವರು ದುಡಿದರು. ಕೆಲವೆಡೆ ಒಂದು ದೃಶ್ಯ, ಕೆಲವೆಡೆ ಒಂದೇ ಮಾತು.

ನಟನ ವೈವಿಧ್ಯವೆಂದರೇನೆಂಬ ಪ್ರಶ್ನೆ ಇಲ್ಲಿ ಏಳುವುದು. ಇಂಗ್ಲೆಂಡಿನ ಅಲೆಕ್ ಗಿನ್ನಿಸ್ ಎಂಬ ನಟರು 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್’ ಎಂಬ ಚಿತ್ರದಲ್ಲಿ ಒಂದೇ ಶ್ರೀಮಂತ ಮನೆತನದ ಎಂಟು ಮಂದಿಯ ಪಾತ್ರವನ್ನು ತಾವೊಬ್ಬರೇ ಮಾಡಿದರು. ಆ ಎಂಟರಲ್ಲಿ ಹೆಂಗಸೊಬ್ಬಳೂ ಸೇರಿರುವಳು. ಗಡ್ಡ ಬದಲಾಗುವುದು, ಉಡುಪು ಬದಲಾಗುವುದು, ನಡೆ ನುಡಿ ಬದಲಾಗುವುದು. ಅದು ಶ್ಲಾಘ್ಯವಾದ ಕೌಶಲವೇ. ನಮ್ಮ ಬಿರಾದಾರರಿಗೆ ದೊರೆತ ಅದೃಷ್ಟ ಇದಕ್ಕೆ ತೀರ ವಿರುದ್ಧವಾದುದು. ಅವರಿಗೆ ಎಂಟು ಉಡುಪುಗಳನ್ನು ಯಾರೂ ಕೊಡಲಿಲ್ಲ. ಒಂದೇ ಹರಕು ಅಂಗಿಯನ್ನು ನೂರಾರು ಸಲ ತೊಡಿಸಿದರು. ಬದಲಾವಣೆಯೇನಿದ್ದರೂ ಅಂಗಿಯ ಒಳಗೇ ಆಗಬೇಕಾಗಿತ್ತು. ಒಬ್ಬ ಭಿಕ್ಷುಕನು ಠಕ್ಕ, ಇನ್ನೊಬ್ಬನು ಸ್ವಾಭಿಮಾನಿ, ಮತ್ತೊಬ್ಬನಿಗೆ ಬೇಡುವುದೂ ಒಂದು ನೌಕರಿ. ಅವರ ಚಿತ್ರಗಳನ್ನು ಒಂದಾದ ಮೇಲೊಂದರಂತೆ ನೋಡಿದವರಿಗೆ ಈ ವ್ಯತ್ಯಾಸವು ಕಾಣುವುದು. ನಗುವ ಅವಸರದಲ್ಲಿರುವವರಿಗೆ ಕಾಣದು.

ನಮ್ಮ ಪೋಷಕ ನಟರ ಪರಂಪರೆ ಬಡವಾದುದೇನಲ್ಲ. ಕಿವಿ ಮಂದವಾಗಿದ್ದರೂ ಎದುರಿನವರ ತುಟಿಯ ಚಲನೆಯನ್ನು ನೋಡಿಯೇ ಮಾತಿಗೆ ಮಾತು ಜೋಡಿಸಿದ ಟಿ. ಎನ್. ಬಾಲಕೃಷ್ಣ ಅವರಿದ್ದರು, ನರಸಿಂಹರಾಜು ಇದ್ದರು, ತಂದೆಯ ಪಾತ್ರಕ್ಕೆ ಇವರೇ ಸರಿಯೆನ್ನಿಸಿದ ಕೆ. ಎಸ್. ಅಶ್ವತ್ಥ್ ಇದ್ದರು. ಇವರೆಲ್ಲರಿಗೂ ಕಥೆಯೊಳಗೆ ಒಂದು ಮನೆಯಿತ್ತು. ಯಾರಿಗೋ ತಂದೆ, ಯಾರಿಗೋ ಮಾವ, ಯಾರಿಗೋ ಗೆಳೆಯ. ಬಿರಾದಾರರ ಭಿಕ್ಷುಕನಿಗೆ ಮನೆಯಿಲ್ಲ, ನಂಟರಿಲ್ಲ, ಬಹುಸಲ ಹೆಸರೂ ಇಲ್ಲ. ಅಂಥವನಿಗೆ ಅರ್ಧ ನಿಮಿಷದಲ್ಲಿ ಒಂದು ಪೂರ್ವಕಥೆಯನ್ನು ಕಟ್ಟಿಕೊಡುವುದು ಎಷ್ಟು ಕಠಿನವೆಂಬುದನ್ನು ರಂಗದ ಮೇಲೆ ಒಮ್ಮೆಯಾದರೂ ಸೇವಕನ ಪಾತ್ರ ಮಾಡಿದವರು ಬಲ್ಲರು.

ಇನ್ನು ನಾವು ವಿಶೇಷವಾಗಿ ಹೇಳಬೇಕೆಂದಿರುವ ಚಿತ್ರಕ್ಕೆ ಬರೋಣ. ರಾಯಚೂರು ಸೀಮೆಯ ಕಥೆಗಾರರಾದ ಶ್ರೀ ಅಮರೇಶ ನುಗಡೋಣಿಯವರ ‘ಸವಾರಿ’ ಎಂಬ ಕಥೆಯನ್ನಾಧರಿಸಿ ಶ್ರೀ ಗಿರೀಶ ಕಾಸರವಳ್ಳಿಯವರು ‘ಕನಸೆಂಬೋ ಕುದುರೆಯನೇರಿ’ ಎಂಬ ಚಿತ್ರವನ್ನು ನಿರ್ದೇಶಿಸಿದರು. 2009ರ ಚಿತ್ರಗಳಿಗಾಗಿ ಕೊಡಲಾದ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂಬ ಗೌರವವು ಅದಕ್ಕೆ ಸಂದಿತು. ಅದರ ನಾಯಕ ಈರ್ಯನು ಹೆಣಕ್ಕೆ ಕುಣಿ ತೋಡುವವನು. ಆ ಪಾತ್ರವು ಬಿರಾದಾರರ ಪಾಲಿಗೆ ಬಂದಿತು. ಹೆಂಡತಿ ರುದ್ರಿಯಾಗಿ ಶ್ರೀಮತಿ ಉಮಾಶ್ರೀಯವರು ನಟಿಸಿದರು.

ಈರ್ಯನಿಗೆ ಒಂದು ನಂಬಿಕೆಯುಂಟು. ಕನಸಿನಲ್ಲಿ ಸಿದ್ಧನು ಕಾಣಿಸಿಕೊಂಡರೆ ಊರಿನಲ್ಲಿ ಒಂದು ಸಾವು ನಿಶ್ಚಯ. ಇದು ಅವನಿಗೆ ಭಯದ ವಿಷಯವಲ್ಲ. ಅವನ ವೃತ್ತಿ, ಅವನ ಅನ್ನ, ಒಂದು ರೀತಿಯಲ್ಲಿ ಅವನ ಪದವಿ. ಊರಿನ ಗೌಡನು ಬಹುಕಾಲದಿಂದ ಹಾಸಿಗೆ ಹಿಡಿದಿರುವಾಗ ಒಂದು ರಾತ್ರಿ ಸಿದ್ಧನು ಕನಸಿಗೆ ಬರುತ್ತಾನೆ. ಈರ್ಯನು ಹಾರೆ ಗುದ್ದಲಿಗಳೊಡನೆ ಸಿದ್ಧನಾಗುತ್ತಾನೆ. ಆದರೆ ಗೌಡರು ಜೀವಂತವಾಗಿದ್ದಾರೆಂದು ದೊಡ್ಡಮನೆಯಿಂದ ಉತ್ತರ ಬರುತ್ತದೆ. ಕನಸು ಸುಳ್ಳಾಯಿತೆ? ಮನೆಯವರು ತಮ್ಮ ಲೆಕ್ಕಾಚಾರಕ್ಕಾಗಿ ಸಾವನ್ನು ಬಚ್ಚಿಟ್ಟಿರುವರೆಂಬುದು ನೋಡುವವರಿಗೆ ಆಮೇಲೆ ತಿಳಿಯುತ್ತದೆ. ಈರ್ಯನಿಗೆ ತಿಳಿದಿರುವುದು ತನ್ನ ದೇವರು ತನಗೆ ಸುಳ್ಳು ಹೇಳಿದನೆಂಬುದು ಮಾತ್ರ.

ಈ ಪಾತ್ರದಲ್ಲಿ ಬಿರಾದಾರರು ಹೊಸದಾಗಿ ಏನನ್ನೂ ತೊಟ್ಟುಕೊಳ್ಳಲಿಲ್ಲವೆಂಬುದೇ ನಮಗೆ ಪರಮಾಶ್ಚರ್ಯವಾಗಿ ತೋರಿತು. ಅದೇ ಮೈ, ಅದೇ ಹರಕು ಬಟ್ಟೆ, ಅದೇ ಉತ್ತರದ ಮಾತು. ಮೂವತ್ತು ವರ್ಷ ನಾವು ನಕ್ಕ ಸಾಮಗ್ರಿಯೆಲ್ಲವೂ ಅಲ್ಲಿದೆ. ಆದರೆ ನಗು ಬಾರದು. ಗೌಡರು ಬದುಕಿದ್ದಾರೆಂಬ ಮಾತು ಕಿವಿಗೆ ಬಿದ್ದಾಗ ಈರ್ಯನು ಅಳುವುದಿಲ್ಲ, ಕೂಗಾಡುವುದಿಲ್ಲ. ಕೊಟ್ಟ ಲೆಕ್ಕ ತಪ್ಪಾಯಿತೆಂದು ಮೇಷ್ಟರು ಹೇಳಿದಾಗ ಜಾಣ ಹುಡುಗನು ಹೇಗೆ ನಿಲ್ಲುವನೋ ಹಾಗೆ ನಿಲ್ಲುತ್ತಾನೆ. ಆ ಕಕ್ಕಾಬಿಕ್ಕಿಯನ್ನು ಅಭಿನಯವೆನ್ನುವುದಕ್ಕೂ ಮನಸ್ಸು ಹಿಂಜರಿಯುವುದು. ಹಾಸ್ಯ ದೃಶ್ಯಗಳಲ್ಲಿ ಅವರ ಕಣ್ಣು ಎದುರಿನವರನ್ನು ಹುಡುಕುತ್ತಿತ್ತು. ಇಲ್ಲಿ ಅದು ಒಳಮುಖವಾಗಿದೆ. ವ್ಯತ್ಯಾಸ ಇಷ್ಟೇ. ಹಾಗಾದರೆ ಅಷ್ಟು ವರ್ಷ ನಗುವಿಗೆ ಕಾರಣವಾದುದು ಅವರ ಮೈಯೂ ಅಲ್ಲ, ಅವರ ಮಾತೂ ಅಲ್ಲ; ಅವರನ್ನು ಕಥೆಯ ಯಾವ ಮೂಲೆಯಲ್ಲಿ ಕೂರಿಸಿದ್ದರೆಂಬುದು. ಉಮಾಶ್ರೀಯವರಂಥ ಸಮರ್ಥ ನಟಿ ಎದುರಿಗಿರುವಾಗ ಚಿಕ್ಕ ನಟನು ಮಂಕಾಗುವನು. ಇಲ್ಲಿ ಹಾಗಾಗಲಿಲ್ಲ; ಗಂಡ ಹೆಂಡಿರ ದೃಶ್ಯಗಳಲ್ಲಿ ಇಬ್ಬರೂ ಒಂದೇ ಒಲೆಯ ಬೂದಿಯನ್ನು ಮೈಗೆ ಹತ್ತಿಸಿಕೊಂಡವರಂತೆ ಕಾಣುವರು.

ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್ಡಿನಲ್ಲಿ ನಡೆದ ‘ಇಮ್ಯಾಜಿನ್ ಇಂಡಿಯಾ’ ಚಿತ್ರೋತ್ಸವದಲ್ಲಿ 2011ರಲ್ಲಿ ಈ ಅಭಿನಯಕ್ಕಾಗಿ ಬಿರಾದಾರರಿಗೆ ಅತ್ಯುತ್ತಮ ನಟ ಪ್ರಶಸ್ತಿಯು ದೊರೆಯಿತು. ಸ್ಪೇನಿನ ಪ್ರೇಕ್ಷಕರಿಗೆ ಕನ್ನಡವೇ ತಿಳಿಯದು. ಬೀದರದ ಮಾತು ಯಾವುದು, ಮೈಸೂರಿನ ಮಾತು ಯಾವುದು ಎಂಬ ಭೇದವಂತೂ ದೂರವೇ ಉಳಿಯಿತು. ಮಾತು ಕೇಳಿದೊಡನೆ ನಗಬೇಕೆಂಬ ಅಭ್ಯಾಸ ಅವರಿಗಿರಲಿಲ್ಲ. ಅವರು ನಟನನ್ನು ಮಾತ್ರ ನೋಡಿದರು. ಇದನ್ನು ನೆನೆದಾಗ ಸಂತೋಷದೊಡನೆ ಸ್ವಲ್ಪ ಸಂಕೋಚವೂ ಆಗುವುದು.

ಪ್ರಶಸ್ತಿಯ ಬಳಿಕ ಅವರ ಬಾಳು ಬದಲಾಯಿತೆಂದು ಹೇಳಲು ನಮಗೂ ಆಸೆಯಿದೆ. ಆದರೆ ಕನ್ನಡ ಚಿತ್ರರಂಗವು ಅವರಿಗೆ ಮತ್ತೊಬ್ಬ ಈರ್ಯನನ್ನು ಬೇಗನೆ ಕೊಡಲಿಲ್ಲ. 2023ರಲ್ಲಿ ಅವರನ್ನು ನಾಯಕನನ್ನಾಗಿ ಮಾಡಿದ ‘90 ಹೊಡಿ ಮನೀಗ್ ನಡಿ’ ಎಂಬ ಚಿತ್ರವು ಬಂದಿತು. ಅದು ಅವರ ಐನೂರನೆಯ ಚಿತ್ರವೆಂದು ಪ್ರಚಾರವಾಯಿತು. ಶೀರ್ಷಿಕೆಯಲ್ಲಿನ ತೊಂಬತ್ತು ಯಾವುದರ ಅಳತೆಯೆಂಬುದನ್ನು ಸಭ್ಯ ಶ್ರೋತೃಗಳಿಗೆ ವಿವರಿಸುವ ಅಗತ್ಯವಿಲ್ಲ. ತಿಳಿಯದವರಂತೆ ನಟಿಸುವವರಿಗೆ ವಿವರಿಸಿ ಫಲವೂ ಇಲ್ಲ. ಮತ್ತೆ ಕುಡುಕನೇ ಎಂದು ನಾವು ಮೊದಲು ನಿಟ್ಟುಸಿರುಬಿಟ್ಟೆವು. ಆದರೆ ಹಿರಿಯ ವಯಸ್ಸಿನ ಆ ಮನುಷ್ಯರು ಅದರ ಹಾಡಿನಲ್ಲಿ ಬಣ್ಣದ ಉಡುಪು ತೊಟ್ಟು ಎಳೆಯರ ನಡುವೆ ಕುಣಿದುದನ್ನು ಕಂಡಾಗ ಆ ನಿಟ್ಟುಸಿರು ಅನುಚಿತವೆನಿಸಿತು. ಐನೂರು ಚಿತ್ರಗಳ ಬೀದಿಯ ಮೂಲೆಯಲ್ಲಿ ಕುಳಿತವರು ಒಮ್ಮೆ ಬೀದಿಯ ನಡುವೆ ನಿಂತು ಕುಣಿದರೆ ನಮಗೇಕೆ ಬೇಸರ? ಅದರ ಹೆಸರಿನಲ್ಲಿಯೇ ‘ಮನೆಗೆ’ ಎಂಬುದು ‘ಮನೀಗ್’ ಎಂದಾಗಿರುವುದು ಮತ್ತೊಂದು ವಿಶೇಷ. ಉತ್ತರದ ಮಾತು ಆಳಿನ ಬಾಯಿಯಿಂದ ಹೊರಟು ಚಿತ್ರಮಂದಿರದ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬಂದು ಕುಳಿತಿತು.

ಔರಾದಿನ ಬಸ್ಸಿನ ಕಥೆಯನ್ನು ನಾವು ಪೂರ್ತಿ ಹೇಳಲಿಲ್ಲ. ಸಂತಪುರವನ್ನು ದಾಟುವ ಹೊತ್ತಿಗೆ ತರುಣರು ಬೇರೊಂದು ತುಣುಕನ್ನು ಹಚ್ಚಿದ್ದರು. ಅದರಲ್ಲಿಯೂ ಬಿರಾದಾರರೇ, ಈ ಸಲ ನಗು ಕೇಳಿಸಲಿಲ್ಲ. ಯಾವ ಚಿತ್ರವೋ ನಮಗೆ ಕಾಣಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತರುಣರಲ್ಲೊಬ್ಬನು ಫೋನನ್ನು ಮುದುಕರ ಕಡೆಗೆ ತಿರುಗಿಸಿ ಹಿಡಿದು, “ಮುತ್ಯಾ, ಇದ್ ನೋಡ್ರಿ” ಎಂದನು. ಮುದುಕರು ಕನ್ನಡಕವನ್ನು ಹುಡುಕಿ ಹಾಕಿಕೊಂಡರು. ಅಷ್ಟರಲ್ಲಿ ಊರು ಬಂದಿತು. ಅವರು ಗಂಟನ್ನು ಬಗಲಿಗೇರಿಸಿಕೊಂಡು ಬಾಗಿಲ ಬಳಿ ನಿಂತು, ಕಂಡಕ್ಟರನು ಎರಡು ಸಲ ಕರೆಯುವವರೆಗೂ ಇಳಿಯದೆ, ಆ ಪುಟ್ಟ ಪರದೆಯ ಕಡೆಗೇ ನೋಡುತ್ತಿದ್ದರು.