ಮೊದಲು ಕಾರಣ, ಆಮೇಲೆ ಗ್ಯಾಸು
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಪಾಳಿ, ಗಿರಣಿಯ ಪಾಳಿ ಬಿಟ್ಟು ಟ್ಯಾಕ್ಸಿ ಹಿಡಿದವರು ನಮ್ಮಲ್ಲಿ ಹಲವರಿದ್ದಾರೆ. ಏ.ಸಿ. ತಂಪು ಕೊಡದಿದ್ದರೆ ಗಿರಾಕಿ ಸಿಡುಕುತ್ತಾನೆ. ಗ್ಯಾರೇಜಿಗೆ ಹೋದರೆ, "ಗ್ಯಾಸು ಮುಗಿದಿದೆ, ತುಂಬಿಸಬೇಕು" ಎನ್ನುತ್ತಾರೆ. ದುಡಿದ ದುಡ್ಡು ಅಲ್ಲಿಗೆ ಹೋಯಿತು. ಮುಂದಿನ ಬೇಸಗೆಗೆ ಮತ್ತೆ ಅದೇ ಮಾತು!

ಬಂಧುಗಳೇ, ಈ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಹೋಟೆಲಿನ ಫ್ರಿಜ್ಜಿನಲ್ಲಿರುವಂತೆ ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಕಂಪ್ರೆಸರು ಅದನ್ನು ಒತ್ತುತ್ತದೆ. ಮುಂಭಾಗದ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಒಳಗಿನ ಸುರುಳಿಯಲ್ಲಿ ಆವಿಯಾಗುತ್ತ ಗಾಳಿಯ ಶಾಖವನ್ನು ಹೀರುತ್ತದೆ. ರಬ್ಬರು ಕೊಳವೆಗಳಿಂದ ವರ್ಷಗಟ್ಟಲೆ ಚೂರುಚೂರಾಗಿ ಹೋಗುವುದುಂಟು. ಆದರೆ ಪ್ರತಿ ಬೇಸಗೆಗೂ ಗ್ಯಾಸು ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಆದುದರಿಂದ ಮೊದಲು ನೀವೇ ಪರೀಕ್ಷಿಸಿ. ಗಾಳಿ ತಂಪಾಗಿದ್ದೂ ಸಣ್ಣಗೆ ಬರುತ್ತಿದೆಯೇ? ಫಿಲ್ಟರಿನಲ್ಲಿ ಧೂಳು ತುಂಬಿರಬಹುದು. ಅದನ್ನು ಬದಲಿಸುವುದು ಅಲ್ಪ ಖರ್ಚಿನ ಕೆಲಸ. ಗಾಳಿಯೇ ಇಲ್ಲವೇ? ಫ್ಯೂಸು, ಬ್ಲೋವರು ನೋಡಿಸಿ. ಓಡುವಾಗ ತಂಪು, ಸಿಗ್ನಲಿನಲ್ಲಿ ನಿಂತಾಗ ಬಿಸಿಯೇ? ಮುಂದಿನ ಫ್ಯಾನು ತಿರುಗುತ್ತಿಲ್ಲ, ಇಲ್ಲವೇ ಕಂಡೆನ್ಸರಿಗೆ ಕೆಸರು ಮೆತ್ತಿದೆ ಎಂದು ಮೊದಲು ಸಂಶಯಪಡಿ. ಗಾಳಿ ಜೋರಾಗಿದ್ದೂ ತಂಪೇ ಇಲ್ಲವಾದರೆ ಕಂಪ್ರೆಸರು ತಿರುಗುತ್ತಿದೆಯೇ ಎಂದು ನೋಡಬೇಕು. ಫ್ಯೂಸು, ರಿಲೇ ಕೆಟ್ಟರೂ ಅದು ನಿಲ್ಲುತ್ತದೆ. ಗ್ಯಾಸು ತೀರ ಕಡಿಮೆಯಾದರೂ ಒತ್ತಡದ ಸ್ವಿಚ್ಚು ಅದನ್ನು ನಿಲ್ಲಿಸುತ್ತದೆ. ಗ್ಯಾಸಿನೊಡನೆ ಎಣ್ಣೆಯೂ ಸುತ್ತುವುದರಿಂದ, ಕೊಳವೆಯ ಜೋಡಣೆಯಲ್ಲಿ ಎಣ್ಣೆಯ ಕಲೆ ಕಂಡರೆ ಅದೇ ಸೋರಿಕೆಯ ಗುರುತು. ಏ.ಸಿ. ನಡೆಯುವಾಗ ಕಾರಿನಡಿ ನೀರು ತೊಟ್ಟಿಕ್ಕುವುದು ಮಾತ್ರ ದೋಷವಲ್ಲ. ಅದು ಗಾಳಿಯ ತೇವ.

ಗ್ಯಾರೇಜಿನಲ್ಲಿ ಕೇಳಬೇಕಾದ ಮಾತು ಮೂರು: ಸೋರಿಕೆ ಎಲ್ಲಿ? ರಿಪೇರಿಯ ಮೇಲೆ ಪಂಪಿನಿಂದ ಕೊಳವೆಯ ಗಾಳಿ, ತೇವ ತೆಗೆದಿರಾ? ಬಾನೆಟ್ಟಿನಡಿಯ ಚೀಟಿಯಲ್ಲಿರುವಷ್ಟೇ ಗ್ಯಾಸು ತೂಗಿ ಹಾಕಿದಿರಾ? ಹೆಚ್ಚು ಹಾಕಿದರೂ ತಂಪು ಕೆಡುತ್ತದೆ.

ಸೋರಿಕೆಯಿಂದ ನಷ್ಟ ನಮ್ಮ ಜೇಬಿಗೆ ಮಾತ್ರವಲ್ಲ. ಓಝೋನ್ ಪದರವನ್ನು ಕೆಡಿಸುತ್ತಿದ್ದ ಆರ್-12 ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಕೈಬಿಡಲಾಯಿತು. ಅದರ ಬದಲು ಬಂದ ಆರ್-134ಎ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುತ್ತದೆ. ಆ ಬಿಸಿ ಮೊದಲು ತಟ್ಟುವುದು ಒಲೆಯ ಮುಂದೆ, ಬಿಸಿಲಿನಲ್ಲಿ ದುಡಿಯುವ ನಮಗೇ.

ಕೊನೆಯದಾಗಿ ಎರಡು ಎಚ್ಚರಿಕೆ. ಗ್ಯಾಸಿನ ಕೊಳವೆಯನ್ನು ನೀವೇ ಬಿಚ್ಚಬೇಡಿ. ಚಿಮ್ಮಿದ ದ್ರವ ಕಣ್ಣನ್ನು ಹೆಪ್ಪುಗಟ್ಟಿಸಬಲ್ಲದು. ರಾತ್ರಿ ಪಾಳಿಯಲ್ಲಿ ಗಾಜು ಮುಚ್ಚಿ, ಇಂಜಿನ್ನು ನಡೆಸಿಟ್ಟು ಮಲಗಬೇಡಿ. ಹೊಗೆಯ ವಿಷಾನಿಲ ಒಳನುಗ್ಗಿದರೆ ಮಲಗಿದವನು ಏಳುವುದಿಲ್ಲ.

ದುಡ್ಡು ಬಿಚ್ಚುವ ಮೊದಲು ಕಾರಣ ಕೇಳಿ. ಕೇಳುವುದು ದುಡಿಯುವವನ ಹಕ್ಕು.