ದೊರೆಯ ಮೂಗಿನಲ್ಲಿ ಬಯಲಾದ ತಾಮ್ರ



ಹದಿನಾರನೆಯ ಶತಮಾನದ ಇಂಗ್ಲೆಂಡಿನ ಟಂಕಸಾಲೆಗಳಲ್ಲಿ ನಾಣ್ಯ ಹುಟ್ಟುತ್ತಿದ್ದುದು ಸುತ್ತಿಗೆಯ ಪೆಟ್ಟಿನಿಂದ. ಕೆಳಗಿನ ಅಚ್ಚನ್ನು ಮರದ ದಿಮ್ಮಿಯಲ್ಲಿ ನೆಟ್ಟು, ಅದರ ಮೇಲೆ ಬೆಳ್ಳಿಯ ಬಿಲ್ಲೆ ಇಟ್ಟು, ಕೈಯಲ್ಲಿ ಹಿಡಿದ ಮೇಲಿನ ಅಚ್ಚಿನ ತಲೆಗೆ ಬಲವಾಗಿ ಹೊಡೆದರೆ ಎರಡೂ ಮುಖಗಳಲ್ಲಿ ಮುದ್ರೆ ಮೂಡುತ್ತಿತ್ತು. ಕೈಕೆಲಸವಾದ್ದರಿಂದ ಒಂದು ನಾಣ್ಯದಂತೆ ಇನ್ನೊಂದು ಇರುತ್ತಿರಲಿಲ್ಲ. ಅಂಚು ಕತ್ತರಿಸಿ ಬೆಳ್ಳಿ ಕದಿಯುವುದೂ ಸುಲಭವಾಗಿತ್ತು. ಸಿಕ್ಕಿಬಿದ್ದವರಿಗೆ ಮರಣದಂಡನೆಯೇ ಗತಿ.

ಆದರೆ ಇದಕ್ಕಿಂತ ದೊಡ್ಡ ಕಳವು ನಡೆದದ್ದು ಅರಮನೆಯಿಂದಲೇ. ಬೆಳ್ಳಿ ನಾಣ್ಯದಲ್ಲಿ ನೂರಕ್ಕೆ 92.5 ಪಾಲು ಶುದ್ಧ ಬೆಳ್ಳಿ ಇರಬೇಕೆಂಬುದು ಅಲ್ಲಿ ಶತಮಾನಗಳ ಕಟ್ಟಳೆ. ಫ್ರಾನ್ಸ್ ಹಾಗೂ ಸ್ಕಾಟ್ಲೆಂಡ್ ವಿರುದ್ಧದ ಯುದ್ಧಗಳಿಗೆ ಬೊಕ್ಕಸ ಸಾಲದಾದಾಗ ಎಂಟನೆಯ ಹೆನ್ರಿ ಈ ಕಟ್ಟಳೆಯನ್ನು ಮುರಿದ. 1544ರಿಂದ ನಾಣ್ಯದಲ್ಲಿ ತಾಮ್ರ ಹೆಚ್ಚುತ್ತ ಹೋಯಿತು. 1546ರ ವೇಳೆಗೆ ಬೆಳ್ಳಿ ಉಳಿದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಹೊಸ ನಾಣ್ಯದ ಹೊರಮೈ ಬೆಳ್ಳಗೆ ಹೊಳೆಯುವಂತೆ ಮಾಡಿರುತ್ತಿದ್ದರು. ಅದರ ಮೇಲೆ ನಮ್ಮತ್ತ ನೇರ ನೋಡುವ ದೊರೆಯ ಮುಖ. ಕೈಯಿಂದ ಕೈಗೆ ಓಡಾಡಿದಂತೆ ಉಬ್ಬಿದ ಮೂಗು ಮೊದಲು ಸವೆಯಿತು, ಒಳಗಿನ ಕೆಂಪು ಹೊರಗೆ ಕಂಡಿತು. 'ತಾಮ್ರಮೂಗಿನ ಮುದುಕ' ಎಂಬ ಅಡ್ಡಹೆಸರು ದೊರೆಗೆ ಅಂಟಿಕೊಂಡಿತು.

ಈ ನಗೆಯ ಹಿಂದೆ ಸಂಕಟವೂ ಇತ್ತು. ಜನ ಹಳೆಯ ಒಳ್ಳೆಯ ನಾಣ್ಯಗಳನ್ನು ಬಚ್ಚಿಟ್ಟರು. ಪೇಟೆಯಲ್ಲಿ ಕೀಳು ನಾಣ್ಯವೇ ತುಂಬಿತು. ಬೆಲೆಗಳು ಏರಿದಷ್ಟು ಕೂಲಿ ಏರಲಿಲ್ಲ. 1551ರಲ್ಲಿ, ಹೆನ್ರಿಯ ಮಗ ಆರನೆಯ ಎಡ್ವರ್ಡನ ಕಾಲದಲ್ಲಿ, ಸರ್ಕಾರ 12 ಪೆನ್ನಿಯ ಷಿಲ್ಲಿಂಗನ್ನು ಮೊದಲು 9ಕ್ಕೆ, ಕೆಲವೇ ವಾರಗಳಲ್ಲಿ 6 ಪೆನ್ನಿಗೆ ಇಳಿಸಿತು. ದುಡಿದು ಕೂಡಿಟ್ಟವನ ಗಂಟು ಅರ್ಧಕ್ಕಿಳಿಯಿತು.

ಕೆಟ್ಟ ಹಣವನ್ನು ತೊಳೆದು ಹಾಕಿದವಳು ಹೆನ್ರಿಯ ಮಗಳು, ಮೊದಲನೆಯ ಎಲಿಜಬೆತ್. 1560ರಲ್ಲಿ ಕೀಳು ಷಿಲ್ಲಿಂಗುಗಳನ್ನು ಎರಡು ಬಗೆಯಾಗಿ ವಿಂಗಡಿಸಲಾಯಿತು. ಕೊಂಚ ಮೇಲಾದವಕ್ಕೆ ಕೋಟೆಬಾಗಿಲಿನ ಸರಳುಗಳ ಮುದ್ರೆ, ಬೆಲೆ ನಾಲ್ಕೂವರೆ ಪೆನ್ನಿ. ತೀರಾ ಕೀಳಾದವಕ್ಕೆ ಬೇಟೆನಾಯಿಯ ಮುದ್ರೆ, ಬೆಲೆ ಎರಡೂಕಾಲು ಪೆನ್ನಿ. ಓದುಬರಹ ಬಾರದವರೂ ಗುರುತಿಸಬಹುದಾದ ಚಿಹ್ನೆಗಳಿವು. ಬಳಿಕ ಅವನ್ನೆಲ್ಲ ಹಿಂದಕ್ಕೆ ಪಡೆದು, ಕರಗಿಸಿ, ಶೋಧಿಸಿ, ಹಳೆಯ ಕಟ್ಟಳೆಯಂತೆ ಹೊಸ ನಾಣ್ಯ ಹೊಡೆಯಲಾಯಿತು. ಸುಮಾರು ಒಂದು ವರ್ಷದಲ್ಲಿ ಕೆಲಸ ಮುಗಿಯಿತು.

ಇಂಗ್ಲೆಂಡಿನ ಹಣಕ್ಕೆ ಮತ್ತೆ ಮಾನ ಬಂತು. ಈ ಶುದ್ಧೀಕರಣದಿಂದ ಬೊಕ್ಕಸಕ್ಕೂ ನಷ್ಟವಾಗಲಿಲ್ಲ, ಒಂದಿಷ್ಟು ಲಾಭವೇ ಉಳಿಯಿತು. ತಂದೆಯ ತಾಮ್ರಕ್ಕೆ ಬೆಲೆ ತೆತ್ತವರು ಬೇರೆ ಯಾರೂ ಅಲ್ಲ: ಆ ದಿನ ಯಾರ ಕೈಯಲ್ಲಿ ಆ ನಾಣ್ಯವಿತ್ತೋ ಅವರು.